ಸೋಮವಾರ, ಗುರುವಾರ ಮಾತ್ರ ಇರುವ ಓಣಿಗಳು

ಮೂರು ಊರಿನವರು ಒಂದು ಮಾತಿಗೆ ಬರುವುದು ಆಗದ ಹೋಗದ ಕೆಲಸ ಎಂದು ಮೊದಲು ಹೇಳಿದವರು ಫಕ್ಕೀರಪ್ಪನವರು. ಹಾವೇರಿಯಲ್ಲಿ ನಾನು ಓದಿದ ಕಾಲೇಜಿನ ಕಂಪ್ಯೂಟರ್ ಕೋಣೆಗೆ ಅವರು ಅಟೆಂಡರ್. ಅಲ್ಲಿದ್ದ ಆರು ಕಂಪ್ಯೂಟರುಗಳಲ್ಲಿ ಇಂಟರ್ನೆಟ್ ಬರುತ್ತಿದ್ದದ್ದು ಒಂದಕ್ಕೆ ಮಾತ್ರ. ಅದಕ್ಕೆ ಹೊದಿಸಿದ್ದ ಹೂವಿನ ಬಟ್ಟೆಯನ್ನು ತೆಗೆಯುವ ಹಕ್ಕು ಪ್ರಿನ್ಸಿಪಾಲರಿಗೆ ಇತ್ತೋ ಇಲ್ಲವೋ, ಫಕ್ಕೀರಪ್ಪನವರಿಗಂತೂ ಇತ್ತು.

“ರಾಣೆಬೆನ್ನೂರವರು ಹೂಂ ಅಂದ್ರ ಹಾವೇರಿಯವರು ಒಲ್ಲೆ ಅಂತಾರ. ಬ್ಯಾಡಗಿಯವರು ಇಬ್ಬರದೂ ಮುಗೀಲಿ ಅಂತ ಸುಮ್ಮ ಕುಂತು, ಕಡೀಕ ಮೂರನೇದು ಒಂದು ತಗೀತಾರ. ನಾ ರಿಟೈರ್ ಆಗೂದ್ರಾಗ ನೀವು ಮೂರೂ ಮಂದಿ ಒಪ್ಪೂದಿಲ್ಲ, ಬರದಿಟ್ಕೋರಿ,” ಎಂದರು. ಬರೆದಿಟ್ಟುಕೊಳ್ಳಲಿಲ್ಲ. ಅಂಥ ಮಾತಿಗೆ ಬರೆಹ ಬೇಕಾಗುವುದಿಲ್ಲ.

ಇದೆಲ್ಲ ಈಗ ನೆನಪಾಗಲು ಒಂದು ಹಾಳೆ ಕಾರಣ. ನಾನೀಗ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಎರಡು ಮೂರು ವರ್ಷಕ್ಕೊಮ್ಮೆ ಯಾರಿಗೋ ನಮ್ಮ ಮೂಲ ದಾಖಲೆಗಳನ್ನು ಮತ್ತೆ ನೋಡಬೇಕೆನಿಸುತ್ತದೆ. ನಾವು ನಿಜವಾಗಿ ಓದಿದ್ದೇವೆಯೇ ಎಂದು ಅವರಿಗೆ ಹೊಸದಾಗಿ ಅನುಮಾನ ಬರುತ್ತದೆ. ಹಾಗೆ ಮೊನ್ನೆ ಫೈಲು ಬಿಚ್ಚಿದಾಗ ಅಂಕಪಟ್ಟಿಗಳ ನಡುವೆ ನಾಲ್ಕಾಗಿ ಮಡಚಿದ ಒಂದು ಉದ್ದನೆಯ ಹಾಳೆ ಸಿಕ್ಕಿತು. ಮೂರು ಕೈಬರಹ, ತುಂಬ ಕಾಟು, ಒಂದು ಮೂಲೆಯಲ್ಲಿ ಚಹದ ಬಟ್ಟಲಿನ ಗುರುತು. ಪಕ್ಕದಲ್ಲಿದ್ದ ಹಿಂದಿ ಮೇಡಂ ಇಣುಕಿ ಓದಿದರು: “ಕುಡಿಯುವ ನೀರಿನ ನಲ್ಲಿ. ದನ ಕುಡಿಯುವ ತೊಟ್ಟಿ. ಮರದ ಕಟ್ಟೆ, ಕೂಡುವುದಕ್ಕೆ. ಮರದ ಕಟ್ಟೆ, ಪೂಜೆಗೆ. ಏನ್ರಿ ಇದು, ಮನಿ ಕಟ್ಟಾಕತ್ತೀರೋ ಊರು ಕಟ್ಟಾಕತ್ತೀರೋ?”

ಊರನ್ನೇ. ಮೂರು ಊರುಗಳನ್ನು.

ಮೊಬೈಲಿನಲ್ಲಿ ನಕ್ಷೆ ಎಂಬುದು ಇನ್ನೂ ನಮ್ಮ ಕಡೆ ಬಾರದ ಕಾಲ. ಎರಡು ಸಾವಿರದ ಎಂಟರ ಸುಮಾರು ಎಂದಿಟ್ಟುಕೊಳ್ಳಿ. ನಾನು ಬಿ.ಎ. ಕೊನೆಯ ವರ್ಷದಲ್ಲಿದ್ದೆ. ಕೊನೆಯ ವರ್ಷ ಎಂದು ಸುಲಭವಾಗಿ ಹೇಳಿಬಿಟ್ಟೆ, ಇಂಗ್ಲಿಷ್ ಪೇಪರಿನಲ್ಲಿ ಕೂತು ಎದ್ದು, ಮೂರು ವರ್ಷದ ಓದಿಗೆ ನಾಲ್ಕು ವರ್ಷ ತೆಗೆದುಕೊಂಡಿದ್ದೆ. ನಮ್ಮ ಮನೆತನದಲ್ಲಿ ಹತ್ತನೇ ತರಗತಿ ದಾಟಿದವಳು ನಾನೊಬ್ಬಳೇ. ಅಪ್ಪ ಬ್ಯಾಡಗಿಯ ಮೆಣಸಿನಕಾಯಿ ಯಾರ್ಡಿನಲ್ಲಿ ಹಮಾಲಿ. ನಾನು ನಪಾಸಾದ ವರ್ಷ ಮನೆಯಲ್ಲಿ ಯಾರೂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. “ಮುಂದಿನ ಸಲ ಆಗ್ತೈತಿ ಬಿಡು” ಎಂದು ಅಪ್ಪ ಹೇಳಿದ ರೀತಿಯಲ್ಲೇ ಗೊತ್ತಾಗಿತ್ತು, ಮುಂದಿನ ಸಲ ಎಂಬುದು ಒಂದೇ ಸಲ ಬರುತ್ತದೆ ಎಂದು.

ಅಂಥ ಹೊತ್ತಿನಲ್ಲಿ ನಮ್ಮ ಭೂಗೋಳದ ಸರ್ ಒಂದು ಪ್ರಾಜೆಕ್ಟ್ ಹಚ್ಚಿದರು. ಇಂಟರ್ನೆಟ್ಟಿನಲ್ಲಿ ಒಂದು ನಕ್ಷೆ ಇದೆಯಂತೆ, ಅದನ್ನು ಸರಕಾರ ಬರೆದದ್ದಲ್ಲ, ಕಂಪನಿ ಬರೆದದ್ದಲ್ಲ, ಮನಸ್ಸಿದ್ದವರು ತಮ್ಮ ತಮ್ಮ ಊರನ್ನು ತಾವೇ ಬರೆದು ಸೇರಿಸುತ್ತಾರಂತೆ. ಅದರಲ್ಲಿ ನಮ್ಮ ಜಿಲ್ಲೆ ಎಂದರೆ ಒಂದು ಹೆದ್ದಾರಿ, ಒಂದು ರೈಲು ಹಳಿ, ಉಳಿದದ್ದು ಬಿಳಿ ಬಯಲು. “ಈ ಬಿಳಿ ಜಾಗದಾಗ ನಾವು ಹುಟ್ಟೇವಿ,” ಎಂದರು ಸರ್. ನಮ್ಮ ಮೂವರಿಗೆ ಮೂರು ಊರು. ನನಗೆ ಬ್ಯಾಡಗಿ. ರಾಣೆಬೆನ್ನೂರು ವೀರೇಶನಿಗೆ, ಅವರ ಮನೆಯವರದು ಅಲ್ಲಿ ಬೀಜದ ಅಂಗಡಿ. ಹಾವೇರಿ ನಸೀಮಾಗೆ, ಅವಳ ತಂದೆ ಸೈನ್‌ಬೋರ್ಡ್ ಬರೆಯುವವರು. ಜಾಗವನ್ನು ಗುರುತು ಹಿಡಿಯುವ ಜಿಪಿಎಸ್ ಯಂತ್ರ ಒಂದೇ ಇತ್ತು. ಬೆಲ್ಲದ ಅಚ್ಚಿನಷ್ಟು ದಪ್ಪ. ಅದು ವಾರಕ್ಕೊಬ್ಬರ ಹಾಗೆ ಬಸ್ಸಿನಲ್ಲಿ ಊರಿಂದೂರಿಗೆ ತಿರುಗುತ್ತಿತ್ತು. ಅದನ್ನು ಹಿಡಿದು ನಾನು ಯಾರ್ಡಿಗೆ ಹೋದ ಮೊದಲ ದಿನ ಅಪ್ಪನ ಜೊತೆಯ ಹಮಾಲರೊಬ್ಬರು ಕೇಳಿದರು: “ಹಾಡು ಬರ್ತಾವೇನ ಇದರಾಗ?”

“ಇಲ್ಲ ಕಾಕಾ. ನಾವು ಎಲ್ಲಿ ಅದೇವಿ ಅಂತ ಹೇಳ್ತೈತಿ.”

“ಅದನ್ನ ಕೇಳಾಕ ಮಷಿನ್ ಬೇಕೇನು? ಇಲ್ಲೇ ಅದೇವಲ್ಲ.”

ಸರಿಯಾದ ಮಾತೇ. ಆದರೆ ಇಲ್ಲೇ ಇದ್ದೇವೆ ಎಂದು ಇಲ್ಲಿ ಇಲ್ಲದವರಿಗೆ ಹೇಳುವುದು ಹೇಗೆ ಎಂಬುದೇ ಪ್ರಾಜೆಕ್ಟ್ ಆಗಿತ್ತು.

ನಕ್ಷೆಯಲ್ಲಿ ಯಾವುದೇ ಒಂದನ್ನು ಬರೆದರೂ ಎರಡು ಖಾನೆ ತುಂಬಬೇಕು. ಅದರ ಹೆಸರೇನು, ಮತ್ತು ಅದು ಯಾವ ಬಗೆಯದು. ಈ ಎರಡನೆಯದಕ್ಕೆ ನಾವು ಚೀಟಿ ಎನ್ನುತ್ತಿದ್ದೆವು. ಯಾರ್ಡಿನಲ್ಲಿ ಪ್ರತಿ ರೈತನ ರಾಶಿಯ ಮೇಲೆ ಒಂದು ಚೀಟಿ ಇರುತ್ತದೆ, ಅದನ್ನು ನೋಡಿ ವ್ಯಾಪಾರ. ಆ ಮಾತು ನಾನೇ ತಂದದ್ದು. ಹೆಸರು ಊರಿನವರು ಕರೆದಂತೆ ಏನಾದರೂ ಇರಲಿ, ಚೀಟಿ ಮಾತ್ರ ಎಲ್ಲ ಕಡೆ ಒಂದೇ ಇರಬೇಕು. ಇಲ್ಲದಿದ್ದರೆ ಹುಡುಕಿದವರಿಗೆ ಸಿಗುವುದಿಲ್ಲ.

ನಮ್ಮ ಮೂರು ಊರು ಮುಗಿದ ಮೇಲೆ ಸರ್ ಪರೀಕ್ಷೆಗೆ ಫಕ್ಕೀರಪ್ಪನವರನ್ನೇ ಕೂರಿಸಿದರು. ಮೆಣಸಿನಕಾಯಿ ಇಡುವ ಶೀತಗೃಹಗಳನ್ನು ಹುಡುಕಿ ಎಂದರು. ಅವರು ಹುಡುಕಿದರು. ಒಂದೂ ಬರಲಿಲ್ಲ.

“ಬ್ಯಾಡಗ್ಯಾಗ ಕೋಲ್ಡ್ ಸ್ಟೋರೇಜ್ ಇಲ್ಲಂತ. ಚಲೋ ಆತು. ಕಾಗಿನೆಲಿ ಬಸ್ಸಿನ್ಯಾಗ ಹೋಗುವಾಗ ನಾ ನೋಡಿದ್ದು ಏನು ಮತ್ತ?” ಎಂದು ನಮ್ಮ ಮೂವರ ಮುಖ ನೋಡಿದರು.

ಇದ್ದವು, ಎಲ್ಲವೂ ಇದ್ದವು. ನಾನು ಅವಕ್ಕೆ ಕಾರ್ಖಾನೆ ಎಂದು ಚೀಟಿ ಹಚ್ಚಿದ್ದೆ, ಏಕೆಂದರೆ ಒಳಗೆ ದುಡಿಯುವವರು ಫ್ಯಾಕ್ಟರಿಗೆ ಹೋಗುತ್ತೇವೆ ಎನ್ನುತ್ತಾರೆ. ವೀರೇಶ ತನ್ನ ಊರಿನವಕ್ಕೆ ಗೋದಾಮು ಎಂದಿದ್ದ, ಮಾಲಕರು ಹಾಗೆನ್ನುತ್ತಾರೆ. ನಸೀಮಾ ಕಚೇರಿ ಎಂದು ಬರೆದಿದ್ದಳು, ಏಕೆಂದರೆ ಬಾಗಿಲ ಮೇಲಿನ ಬೋರ್ಡಿನಲ್ಲಿ ಶೀತವೂ ಇರಲಿಲ್ಲ, ಗೃಹವೂ ಇರಲಿಲ್ಲ, ಯಾವುದೋ ಎಂಟರ್‌ಪ್ರೈಸಸ್ ಎಂದಿತ್ತು.

ಸರ್ ಸಿಟ್ಟು ಮಾಡುವವರಲ್ಲ. ಮೆಲ್ಲಗೆ ಹೇಳಿದರು: “ಮೂರು ನಕ್ಷೆ ನಾ ತಗೊಳ್ಳಾಂಗಿಲ್ಲ. ಒಂದು ನಕ್ಷೆ ತರ್ರಿ. ಇಲ್ಲಂದ್ರ ಮೂರೂ ಮಂದಿ ಮುಂದಿನ ವರ್ಷ ಕುಂದರ್ರಿ.” ವೀರೇಶನಿಗೆ ಮುಂದಿನ ವರ್ಷ ಇತ್ತು. ನಸೀಮಾಗೂ ಇತ್ತೇನೋ. ನನಗೆ ಇರಲಿಲ್ಲ. ಡಿಗ್ರಿ ಕೈಗೆ ಬಂದರೆ ಬಿ.ಎಡ್. ಅರ್ಜಿ ಹಾಕಬೇಕು, ಬಾರದಿದ್ದರೆ ಓದು ಅಲ್ಲಿಗೆ ನಿಲ್ಲಬೇಕು. ಇದನ್ನು ಯಾರೂ ಬಾಯಿ ಬಿಟ್ಟು ಹೇಳಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಒಪ್ಪಂದಕ್ಕೆ ನಾವು ಕೂಡುತ್ತಿದ್ದದ್ದು ರಾಣೆಬೆನ್ನೂರಿನ ಸ್ಟೇಷನ್ನಿನ ಎದುರಿನ ಚಹದ ಅಂಗಡಿಯಲ್ಲಿ. ಅಲ್ಲಿ ನಡೆದ ವಾದ ಬರೆದರೆ ನಗುತ್ತೀರಿ. ಆಟೋ ನಿಲ್ಲುವ ಜಾಗಕ್ಕೆ ಏನು ಚೀಟಿ ಎಂಬುದಕ್ಕೇ ಒಂದು ಮಧ್ಯಾಹ್ನ ಹೋಯಿತು.

“ಬೋರ್ಡ್ ಇಲ್ಲಂದ್ರ ಅದು ಇಲ್ಲ,” ಇದು ನಸೀಮಾಳ ಕಾನೂನು. “ನಮ್ಮ ಅಬ್ಬಾ ಬರದಿದ್ದರ ಐತಿ, ಬರದಿಲ್ಲ ಅಂದ್ರ ಯಾರ ಸಾಕ್ಷಿ?”

“ಹಂಗಾರ ನಿಮ್ಮ ಅಬ್ಬಾ ಆರಾಮಿಲ್ಲದ ಮಲಗಿದ್ರ ಹಾವೇರಿ ಊರ ಮಾಯ ಆಗ್ತೈತಿ,” ಎಂದ ವೀರೇಶ. “ಮಾಲಕರನ್ನ ಕೇಳಬೇಕು. ಅವರು ಏನಂತಾರ ಅದ ಖರೇ.”

“ಮಾಲಕರನ್ನ ಕೇಳಿದ್ದಕ್ಕ ನಿಮ್ಮ ಅಂಗಡಿ ಬೀಜ ಸಂಶೋಧನಾ ಕೇಂದ್ರ ಆಗೇತಿ. ಎರಡು ಶಟರ್, ಒಂದು ತಕ್ಕಡಿ,” ಎಂದೆ ನಾನು.

ವೀರೇಶ ಸ್ವಲ್ಪ ಹೊತ್ತು ಚಹ ಆರಿಸಿಕೊಂಡ. ನಮ್ಮ ಕಾಕಾ ಹಂಗ ಹೇಳಿದ್ರು ಎಂದು ಗೊಣಗಿದ.

ನನ್ನ ಕಾನೂನು ಬೇರೆ. ಒಂದು ಜಾಗ ಏನು ಎಂದು ಅಲ್ಲಿ ದುಡಿಯುವವರಿಗೆ ಗೊತ್ತಿರುವಷ್ಟು ಬೋರ್ಡಿಗೂ ಗೊತ್ತಿರುವುದಿಲ್ಲ, ಮಾಲಕನಿಗೂ ಗೊತ್ತಿರುವುದಿಲ್ಲ. ಇದು ನಾನು ಪುಸ್ತಕದಿಂದ ಕಲಿತದ್ದಲ್ಲ, ಯಾರ್ಡಿನಲ್ಲಿ ಅಪ್ಪನಿಗೆ ಬುತ್ತಿ ಒಯ್ಯುತ್ತ ಕಲಿತದ್ದು. ಅದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ನಾನು ಎಡವಿದ್ದು ಅಲ್ಲೇ.

ಹಂಗಾಮಿನಲ್ಲಿ ಸೋಮವಾರ, ಗುರುವಾರ ನಮ್ಮ ಯಾರ್ಡಿನಲ್ಲಿ ವ್ಯಾಪಾರ. ಅಂದು ಸಿಮೆಂಟಿನ ಆ ದೊಡ್ಡ ಬಯಲಿನ ತುಂಬ ಚೀಲಗಳ ಸಾಲು, ಸಾಲಿನ ಪಕ್ಕ ಸಾಲು, ಬಾಯಿ ಬಿಚ್ಚಿಟ್ಟ ಕೆಂಪು. ಸಾಲುಗಳ ನಡುವೆ ಒಬ್ಬ ಹಮಾಲ ಚೀಲ ಹೊತ್ತು ದಾಟುವಷ್ಟು ದಾರಿ. ಏಳನೇ ವಯಸ್ಸಿನಿಂದ ಆ ದಾರಿಗಳಲ್ಲಿ ಬುತ್ತಿ ಹಿಡಿದು ನಡೆದವಳು ನಾನು. ನನ್ನ ತಲೆಗಿಂತ ಚೀಲ ಎತ್ತರ. ಆಕಾಶ ಒಂದು ಪಟ್ಟಿಯಷ್ಟು ಮಾತ್ರ ಕಾಣುತ್ತಿತ್ತು. ಒಂದೊಂದು ದಾರಿಗೂ ಹಮಾಲರು ಇಟ್ಟ ಹೆಸರು: ನೆಳ್ಳಿನ ಓಣಿ, ಗಾಳಿ ಓಣಿ, ಚಹಾದವನ ಓಣಿ. ಗಾಳಿಗೆ ಎದುರಾಗಿ ಬರುವ ಒಂದಕ್ಕೆ ಸೀನೋ ಓಣಿ. ಅದರಲ್ಲಿ ಹೊಕ್ಕವರು ಆ ತುದಿ ಮುಟ್ಟುವುದರೊಳಗೆ ಎಂಟು ಹತ್ತು ಸಲ ಸೀನುವುದು ಖಂಡಿತ. “ನಿಮ್ಮಪ್ಪ ಗಾಳಿ ಓಣ್ಯಾಗ ಅದಾನ ನೋಡು” ಎಂದರೆ ನಾನು ಕಣ್ಣು ಮುಚ್ಚಿ ಹೋಗಿ ಮುಟ್ಟುತ್ತಿದ್ದೆ. ಶಾಲೆಯಲ್ಲಿ ದಿಕ್ಕು ಕಲಿಸುವ ಮೊದಲೇ ನನಗೆ ದಿಕ್ಕು ಗೊತ್ತಿತ್ತು.

ಆ ಓಣಿಗಳನ್ನು ನಾನು ನಕ್ಷೆಯಲ್ಲಿ ಬರೆದಿದ್ದೆ. ಯಂತ್ರ ಹಿಡಿದು ಎರಡು ಗುರುವಾರ ನಡೆದು, ಇಪ್ಪತ್ತೆರಡು ಗೆರೆ, ಇಪ್ಪತ್ತೆರಡು ಹೆಸರು. ಚೀಟಿ: ರಸ್ತೆ. ಊರಿನ ಬಜಾರಿನ ರಸ್ತೆಗಿಂತ ಚೊಕ್ಕವಾಗಿ ಬಂದಿದ್ದವು. ಇಡೀ ಪ್ರಾಜೆಕ್ಟಿನಲ್ಲಿ ನನಗೆ ಹೆಮ್ಮೆ ಇದ್ದದ್ದು ಅದರ ಬಗ್ಗೆ. ಜಗತ್ತಿನ ಯಾರೇ ಆಗಲಿ ಆ ನಕ್ಷೆ ತೆರೆದರೆ ನಮ್ಮಪ್ಪ ನಡೆದ ದಾರಿ ಕಾಣುತ್ತದೆ ಎಂದು ಒಳಗೊಳಗೇ ಹಿಗ್ಗಿದ್ದೆ.

ಒಬ್ಬರ ಊರನ್ನು ಇನ್ನಿಬ್ಬರು ಬಂದು ತಾಳೆ ನೋಡಬೇಕು ಎಂಬುದು ನಾವೇ ಮಾಡಿಕೊಂಡ ಕ್ರಮ. ವೀರೇಶ, ನಸೀಮಾ ಬ್ಯಾಡಗಿಗೆ ಬಂದದ್ದು ಹೋಳಿ ಹಬ್ಬಕ್ಕೆಂದು ಯಾರ್ಡು ಕೆಲವು ದಿನ ವ್ಯಾಪಾರ ನಿಲ್ಲಿಸಿದ್ದ ವಾರ. ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಯೋಚಿಸಲು ಕಾರಣವೇ ಇರಲಿಲ್ಲ. ಬುತ್ತಿ ಒಯ್ಯುವವರು ಕೆಲಸವಿಲ್ಲದ ದಿನ ಯಾರ್ಡಿಗೆ ಯಾಕೆ ಹೋಗುತ್ತಾರೆ? ಹುಟ್ಟಿದಾಗಿನಿಂದ ಅದೇ ಊರಲ್ಲಿದ್ದು ನಾನು ಆ ಬಯಲನ್ನು ಖಾಲಿ ನೋಡಿದ್ದು ಅಂದೇ ಮೊದಲು. ಒಂದು ನಾಯಿ ಮಲಗಿತ್ತು. ಆ ತುದಿಯಲ್ಲಿ ಕ್ರಿಕೆಟ್ ನಡೆದಿತ್ತು.

ವೀರೇಶ ಯಂತ್ರ ನೋಡಿದ, ಬಯಲು ನೋಡಿದ. “ನಾವೀಗ ಸೀನೋ ಓಣ್ಯಾಗ ನಿಂತೇವಿ ಅಂತೈತಿ ಇದು. ಸೀನಲೇನು?”

ನಸೀಮಾ ನಗಲಿಲ್ಲ. “ಗಂಗಾ, ಇಲ್ಲಿ ರಸ್ತೆ ಎಲ್ಲೈತಿ?” ಎಂದು ಕೇಳಿದಳು, ನಿಜವಾಗಿಯೂ ತಿಳಿಯಬೇಕೆಂಬಂತೆ.

“ಐತಿ,” ಎಂದೆ. “ಇವತ್ತಿಲ್ಲ.”

“ಇವತ್ತಿಲ್ಲದ್ದು ರಸ್ತೆ ಹೆಂಗ ಆಗ್ತೈತಿ?”

ನನಗೆ ಕಣ್ಣಲ್ಲಿ ನೀರು ಬಂತು. ಇವರಿಗೆ ಬೋರ್ಡಿನ ಊರು ಗೊತ್ತು, ಮಾಲಕರ ಊರು ಗೊತ್ತು, ನಮ್ಮ ಊರು ಗೊತ್ತಿಲ್ಲ ಎಂದು ಜೋರಾಗಿಯೇ ಹೇಳಿದೆ. ಒಪ್ಪದಿದ್ದರೆ ಮೂರು ನಕ್ಷೆಯೇ ಕೊಡೋಣ, ನಾನು ಇವನ್ನು ತೆಗೆಯುವುದಿಲ್ಲ ಎಂದೆ. ಹಾಗಂದರೆ ನನ್ನ ಡಿಗ್ರಿಯ ಗತಿ ಏನು ಎಂದು ನನಗೆ ಗೊತ್ತಿತ್ತು, ಆದರೂ ಅಂದೆ. ಸಿಟ್ಟಿನಲ್ಲಿ ಮನುಷ್ಯ ತನ್ನದನ್ನೇ ಮೊದಲು ಒಡೆಯುತ್ತಾನೆ.

ಕೆಲಸವಿಲ್ಲದ ದಿನವೂ ಹರಟೆಗೆಂದು ಗೇಟಿನ ಹತ್ತಿರ ಬಂದು ಕೂತಿದ್ದ ಅಪ್ಪ ಗದ್ದಲ ಕೇಳಿ ಎದ್ದು ಬಂದ. ಏನು ಜಗಳ ಎಂದು ಕೇಳಿದ. ನಾನು ಹೇಳಿದೆ, ಅವನೇ ತೀರ್ಮಾನಿಸಲಿ, ನನ್ನ ಪರವಾಗಿ ಅಲ್ಲದೆ ಇನ್ನಾರ ಪರವಾಗಿ ಹೇಳುತ್ತಾನೆ ಎಂಬ ಧೈರ್ಯ. ಅಪ್ಪ ಮೊದಲು ವೀರೇಶನನ್ನು ಕರೆದುಕೊಂಡು ನಡೆದ. ಗೆರೆ ಇಲ್ಲ, ಗುರುತಿಲ್ಲ, ಬರೀ ಸಿಮೆಂಟು. “ಇದು ನೆಳ್ಳಿನ ಓಣಿ. ಇಲ್ಲಿ ಹೊಳ್ಳಿದ್ರ ಚಹಾದವಂದು,” ಎನ್ನುತ್ತ ಖಾಲಿ ಬಯಲಲ್ಲಿ ತಿರುಗಿದ, ಚೀಲ ಹೊತ್ತವರಿಗೆ ದಾರಿ ಬಿಡುವವನಂತೆ ಒಂದೆರಡು ಕಡೆ ಮೈ ಸರಿಸಿದ ಕೂಡ. ವೀರೇಶ ಯಂತ್ರ ಹಿಡಿದು ಹಿಂದೆ. ಒಂದು ಸುತ್ತು ಬಂದು, “ಎಲ್ಲಾ ಕರೆಕ್ಟ್ ಅದಾವ,” ಎಂದ. ಈಗ ತಮಾಷೆ ಇರಲಿಲ್ಲ.

“ನೋಡಿದ್ಯಾ,” ಎಂದೆ ನಸೀಮಾಗೆ.

ಅಪ್ಪ ನನ್ನ ಕಡೆ ತಿರುಗಿ ಕೇಳಿದ: “ಈ ನಕಾಶಿ ನೋಡೂದು ಯಾರು? ನಾನೋ, ಹೊರಗಿನವರೋ?”

“ಹೊರಗಿನವರು.”

“ಮತ್ತ ಅವ ಮಂಗಳವಾರ ಬಂದಾನು. ಮಳಿಗಾಲದಾಗ ಬಂದಾನು. ಗಾಡಿ ಹೊಡಕೊಂಡು ಬಂದು ಗಾಳಿ ಓಣಿ ಎಲ್ಲೈತಿ ಅಂತ ಹುಡುಕ್ಯಾನು. ಯವ್ವಾ, ದಾರಿ ಅಂದ್ರ ಯಾವತ್ತು ಬಂದ್ರೂ ಇರಬೇಕು. ಇದು ದಾರಿ ಅಲ್ಲ, ಇದು ನಮ್ಮ ಕೆಲಸ. ತಗದ ಹಾಕು.”

ನನ್ನ ಅಪ್ಪ ನನ್ನ ವಿರುದ್ಧ ಹೇಳಿದ ಎಂಬುದಕ್ಕಿಂತ, ಅಷ್ಟು ಸಹಜವಾಗಿ ಹೇಳಿದ ಎಂಬುದು ನನಗೆ ಹೆಚ್ಚು ನಾಟಿತು. ನಾನು ಅವನ ಕೆಲಸವನ್ನು ರಸ್ತೆ ಎಂದು ಬರೆದದ್ದು ಅವನ ಮೇಲಿನ ಗೌರವದಿಂದ. ಅವನಿಗೆ ಆ ಗೌರವ ಬೇಕಾಗಿರಲಿಲ್ಲ. ದಾರಿ ಕೇಳಿದವನಿಗೆ ದಾರಿ ತಪ್ಪಬಾರದು, ಅಷ್ಟೇ.

ಅವರನ್ನು ಕಳಿಸಲು ಬಸ್ಸಿಗೆ ಕಾಯುವಾಗ ನನಗೆ ಅವ್ವನ ಅಡುಗೆಮನೆ ನೆನಪಾಯಿತು. ನಮ್ಮ ಮನೆಯಲ್ಲಿ ಬಿಸ್ಕಿಟಿನ ಡಬ್ಬಿಯಲ್ಲಿ ಸೂಜಿದಾರ, ತುಪ್ಪದ ಡಬ್ಬಿಯಲ್ಲಿ ಸಕ್ಕರೆ, ಸಕ್ಕರೆ ಎಂದು ಬರೆದದ್ದರಲ್ಲಿ ಉಪ್ಪು. ಅವ್ವ ಕತ್ತಲಲ್ಲಿ ಕೈ ಹಾಕಿದರೂ ತಪ್ಪುವುದಿಲ್ಲ. ಒಮ್ಮೆ ಅವಳು ತವರಿಗೆ ಹೋದಾಗ ಅಪ್ಪನೂ ನಾನೂ ಎರಡು ದಿನ ಉಪ್ಪಿನ ಚಹ ಕುಡಿದೆವು, ಹಾಲು ಕೆಟ್ಟಿದೆ ಎಂದುಕೊಂಡು. ದಿನಾ ಅಡುಗೆ ಮಾಡುವವಳಿಗೆ ಚೀಟಿ ಬೇಕಿಲ್ಲ. ಚೀಟಿ ಇರುವುದು ಬೇರೆಯವರು ಬಂದು ಒಲೆ ಹೊತ್ತಿಸುವ ದಿನಕ್ಕೆ. ನಸೀಮಾಗೆ ಇದನ್ನು ಹೇಳಿದೆ. “ಹಂಗಾರ ನನ್ನ ಬೋರ್ಡಿನ ಕಾನೂನೂ ತಪ್ಪು,” ಎಂದಳು ಅವಳು. “ಬೋರ್ಡ್ ಅಂದ್ರ ಡಬ್ಬಿ ಮ್ಯಾಲಿನ ಬಿಸ್ಕಿಟಿನ ಚಿತ್ರ.”

ಮುಂದಿನ ಭಾನುವಾರ ಸ್ಟೇಷನ್ನಿನ ಎದುರು ಕೂತು, ಈಗ ಫೈಲಿನಲ್ಲಿ ಸಿಕ್ಕ ಆ ಉದ್ದನೆಯ ಹಾಳೆಯ ಮೇಲೆ ನಲವತ್ತೊಂದು ಸಾಲು ಬರೆದೆವು. ಹೆಸರು ಊರಿನವರು ಕರೆದಂತೆ. ಚೀಟಿ ಮಾತ್ರ, ಪರಿಚಯವಿಲ್ಲದವನು ಯಾವ ದಿನ ಬಂದರೂ ಅಲ್ಲಿ ಏನು ಕಾಣುತ್ತಾನೋ ಅದು. ವೀರೇಶ ಸಂಶೋಧನಾ ಕೇಂದ್ರವನ್ನು ತಾನೇ ಹೊಡೆದುಹಾಕಿ ಅಂಗಡಿ ಎಂದು ಬರೆದ. ಮನೆಯಲ್ಲಿ ಕಾಕಾ ಒಂದು ವಾರ ಮಾತು ಬಿಟ್ಟರಂತೆ. ನಸೀಮಾ ಬೋರ್ಡಿಲ್ಲದ ಹದಿನಾಲ್ಕು ಚಹದಂಗಡಿಗಳನ್ನು ಹಾವೇರಿಗೆ ಸೇರಿಸಿದಳು. ಯಾರ್ಡಿಗೆ ಬರೆದದ್ದು: ಮಾರುಕಟ್ಟೆ, ಹಂಗಾಮಿನಲ್ಲಿ ಸೋಮವಾರ, ಗುರುವಾರ. ನಾನು ಇಪ್ಪತ್ತೆರಡು ಗೆರೆಗಳನ್ನು ಒಂದೊಂದಾಗಿ ಅಳಿಸಿದೆ. ಪ್ರತಿ ಸಲ ಕಂಪ್ಯೂಟರು ಖಾತ್ರಿಯೇ ಎಂದು ಕೇಳುತ್ತಿತ್ತು. ಅಳಿಸುವ ಮುಂಚೆ ನಸೀಮಾ ಆ ಓಣಿಗಳ ಹೆಸರನ್ನೆಲ್ಲ ಅದೇ ಹಾಳೆಯ ಹಿಂಬದಿಗೆ ಬರೆದಿಟ್ಟಳು. ಬರೆಯಬೇಕೆಂದು ನಾನು ಹೇಳಿರಲಿಲ್ಲ.

ಫಕ್ಕೀರಪ್ಪನವರು ಮತ್ತೆ ಹುಡುಕಿದರು. ಮೂರೂ ಊರಿನ ಶೀತಗೃಹಗಳು ಒಟ್ಟಿಗೆ ಬಂದವು. ಅವರು ಎಣಿಸಿ, ಕನ್ನಡಕ ಒರೆಸಿ, ಇನ್ನೊಮ್ಮೆ ಎಣಿಸಿ, “ನಿಮ್ಮೊಳಗ ಯಾರು ಸೋತ್ರಿ?” ಎಂದು ಕೇಳಿದರು.

“ಮೂರೂ ಮಂದಿ,” ಎಂದ ವೀರೇಶ.

“ಹಂಗಾರ ಖರೇ ಒಪ್ಪೀರಿ,” ಎಂದು ಬಟ್ಟೆ ಹೊದಿಸಿದರು.

ಮೌಖಿಕ ಪರೀಕ್ಷೆಗೆ ಹೊರಗಿನಿಂದ ಒಬ್ಬರು ಬಂದಿದ್ದರು. ನನ್ನ ಊರಿನ ನಕ್ಷೆಯ ಹಾಳೆ ತಿರುವಿ, ಇಷ್ಟು ದೊಡ್ಡ ಯಾರ್ಡಿನಲ್ಲಿ ಒಳದಾರಿಗಳನ್ನು ಏಕೆ ತೋರಿಸಿಲ್ಲ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಪ್ರಶ್ನೆ ತಿಳಿಯಿತು, ಉತ್ತರಕ್ಕೆ ಮಾತು ಸಾಲಲಿಲ್ಲ. ಕನ್ನಡದಲ್ಲಿ ಹೇಳಲೇ ಎಂದೆ. ಹೇಳು ಎಂದರು. ತೋರಿಸಿದ್ದೆ, ತೆಗೆದೆ ಎಂದು ಆರಂಭಿಸಿ, ಖಾಲಿ ಬಯಲು, ನಾಯಿ, ಅಪ್ಪನ ಮಾತು, ಎಲ್ಲವನ್ನೂ ಹೇಳಿದೆ. ಅವರು ಪೆನ್ನು ಕೆಳಗಿಟ್ಟು ಕೇಳಿದರು. ನಿಮ್ಮ ತಂದೆ ಏನು ಓದಿದ್ದಾರೆ ಎಂದರು. ಸಹಿ ಮಾಡುವಷ್ಟು ಎಂದೆ. ಇನ್ನೇನೂ ಕೇಳಲಿಲ್ಲ, ಹೋಗಬಹುದು ಎಂದರು. ಒಳ್ಳೆಯದಾಯಿತೋ ಕೆಟ್ಟದಾಯಿತೋ ತಿಳಿಯದೆ ನಾನು ಒಂದು ತಿಂಗಳು ಸರಿಯಾಗಿ ಉಣ್ಣಲಿಲ್ಲ.

ಪಾಸಾದೆ. ಪದವಿ ಪ್ರಮಾಣಪತ್ರ ಕಾಲೇಜಿನ ಆಫೀಸಿಗೆ ಬಂದು ಕೂತಿದೆ ಎಂದು ತಿಳಿದ ದಿನ ಅಪ್ಪ ತಾನೂ ಬರುತ್ತೇನೆ ಎಂದ. ನನ್ನ ಕಾಲೇಜನ್ನು ಅವನು ನೋಡಿದ್ದು ಅದೇ ಮೊದಲು. ಒಗೆದ ಧೋತರ, ಎಣ್ಣೆ ಹಚ್ಚಿದ ತಲೆ. ಮೆಟ್ಟಿಲ ಹತ್ತಿರ ಚಪ್ಪಲಿ ಬಿಡಲು ಹೋದ, ಬೇಡ ಎಂದೆ. ಕೌಂಟರಿನ ಕ್ಲಾರ್ಕು ದಪ್ಪ ವಹಿ ತೆರೆದು ನನ್ನ ಸಹಿ ಹಾಕಿಸಿಕೊಂಡು, ಕವರಿನಿಂದ ಹಾಳೆ ಹೊರತೆಗೆದು, ಹೆಸರು ಸರಿಯಿದೆಯೇ ನೋಡಿಕೊಳ್ಳಿ ಎಂದು ಚಾಚಿದರು. ನಾನು ಸಹಿ ಮಾಡಿದ ಪೆನ್ನಿನ ಮುಚ್ಚಳ ಹುಡುಕುತ್ತಿದ್ದೆ. ಹಾಳೆ ಅಪ್ಪನ ಎದುರಿಗೆ ಬಂದಿತು. ಅಪ್ಪ ಎರಡೂ ಕೈಗಳನ್ನು ಬೆನ್ನ ಹಿಂದೆ ಮಾಡಿಕೊಂಡ.

ಹಿಡಿದುಕೋ ಅಪ್ಪಾ ಎಂದೆ.

“ಬ್ಯಾಡ. ನನ್ನ ಕೈ ಎಷ್ಟು ತೊಳದ್ರೂ ಖಾರ ಹೋಗೂದಿಲ್ಲ. ನೀ ಹಿಡಿ, ನಾ ನೋಡತೇನಿ.”